ಅಪ್ಪನ 240ಡಿ ಬೆಂಜ್‌ಗೆ ಮ್ಯಾನುವಲ್ ಗೇರ್ ಹಾಕಿಸಿದ ಏಳು ತಿಂಗಳು

ಕಳೆದ ಭಾನುವಾರ ಬೆಳಗ್ಗೆ ಐದಕ್ಕೆ ಮನೆ ಬಿಟ್ಟು ನಂದಿ ಬೆಟ್ಟ ಹತ್ತಿ ಇಳಿದು ಬಂದೆ. ತಿರುವುಗಳಲ್ಲೆಲ್ಲ ಎರಡನೇ ಗೇರ್. ಎಲ್ಲೂ ಎಂಜಿನ್ ಸುಮ್ನೆ ಕಿರುಚಲಿಲ್ಲ. ಏಳು ತಿಂಗಳು ಗ್ಯಾರೇಜಿಗೂ ಮನೆಗೂ ಅಲೆದ ಮೇಲೆ ಸಿಕ್ಕ ಬೆಳಗ್ಗೆ ಅದು. ನೆನಪು ಹಸಿಯಾಗಿ ಇರುವಾಗಲೇ ಬರೆದಿಡುತ್ತಿದ್ದೇನೆ. ಶುರು ಮಾಡುವ ಮೊದಲು ನಾನು ಹುಡುಕಿದಾಗ ಕನ್ನಡದಲ್ಲಿ ಇದರ ಬಗ್ಗೆ ಒಂದು ಸಾಲೂ ಸಿಗಲಿಲ್ಲ.

ಕಾರು 1982ರ ಮರ್ಸಿಡಿಸ್ 240ಡಿ. ಡಬ್ಲ್ಯು123 ಅಂತಾರಲ್ಲ, ಆ ಮಾದರಿಯ ಪೈಕಿ. ಇಂಗ್ಲೆಂಡಿನಿಂದ ವಾಪಸ್ ಬಂದ ಒಬ್ಬ ಡಾಕ್ಟರು ತಂದಿದ್ದರು, ಅವರ ಹತ್ತಿರ ಅಪ್ಪ 1991ರಲ್ಲಿ ತಗೊಂಡರು. 2399 ಸಿಸಿ, ನಾಲ್ಕು ಸಿಲಿಂಡರ್ ಡೀಸೆಲ್, ಬರೀ 72 ಕುದುರೆ ಶಕ್ತಿ. ಈ ಎಂಜಿನ್ ಹೆಸರು ಓಎಂ616. ನಮ್ಮ ಊರುಗಳಲ್ಲಿ ಓಡಾಡುವ ಟೆಂಪೋ ಟ್ರ್ಯಾಕ್ಸ್, ಟ್ರಾವೆಲರ್ ಇವೆಯಲ್ಲ, ಬಜಾಜ್ ಟೆಂಪೋದವರು ಇದೇ ಎಂಜಿನ್ನಿನ ಲೈಸೆನ್ಸ್ ಪಡೆದು ಅವುಗಳಲ್ಲಿ ಹಾಕಿದ್ದು. ಹಾಗಾಗಿ ಎಂಜಿನ್ ಕೆಲಸಕ್ಕೆ ನಾವು ಯಾವತ್ತೂ ಹೆದರಿಲ್ಲ. ತೊಂದರೆ ಇದ್ದದ್ದು ಅದರ ಹಿಂದಿನ, ತಾನೇ ಗೇರ್ ಬದಲಿಸುವ ಆಟೋಮ್ಯಾಟಿಕ್ ಗೇರ್ ಡಬ್ಬದಲ್ಲಿ.

ಎರಡು ವರ್ಷದಿಂದ ಅದು ಕೈಕೊಡುತ್ತಿತ್ತು. ಎರಡರಿಂದ ಮೂರಕ್ಕೆ ಬೀಳುವಾಗ ಎಂಜಿನ್ ಒಮ್ಮೆಲೇ ಏರಿ, ಆಮೇಲೆ ಧಡ್ ಅಂತ ಗೇರ್ ಹಿಡಿಯುತ್ತಿತ್ತು. ಬಿಸಿಯಾದರೆ ರಿವರ್ಸ್ ಬೀಳುತ್ತಲೇ ಇರಲಿಲ್ಲ. ಒಂದು ಸಲ ಮಲ್ಲೇಶ್ವರದಲ್ಲಿ ಗಾಡಿ ನಿಲ್ಲಿಸಿ, ಹಿಂದೆ ತೆಗೆಯಲು ಆಗದೆ ನಾಲ್ಕು ಜನ ತಳ್ಳಬೇಕಾಯಿತು. ಕೂಲಿಂಗ್ ಲೈನ್ ಬಿಚ್ಚಿದರೆ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ. ಪೂರ್ತಿ ರಿಪೇರಿಗೆ ಒಬ್ಬರು 1,60,000 ರೂಪಾಯಿ ಹೇಳಿದರು, ಅದೂ ಗ್ಯಾರಂಟಿ ಇಲ್ಲದೆ. ಇನ್ನಿಬ್ಬರು ಕೈ ಹಾಕಲ್ಲ ಅಂದರು.

ಆಗ ಶಿವಾಜಿನಗರದ ನಮ್ಮ ಹಳೇ ಮೆಕ್ಯಾನಿಕ್ ಭಾಯ್ ಹೇಳಿದ್ದು: "ಸರ್, ಈ ಗಾಡಿ ಕಂಪನಿಯಿಂದಾನೇ ಜಾಸ್ತಿ ಮ್ಯಾನುವಲ್ ಬಂದಿರೋದು. ನಾವು ಹೊಸದೇನೂ ಮಾಡಲ್ಲ, ಕಂಪನಿ ಮಾಡಿದ್ದನ್ನೇ ಮಾಡೋದು." ಮಾತು ನಿಜ. 240ಡಿಗೆ ನಾಲ್ಕು ಗೇರಿನ ಮ್ಯಾನುವಲ್ ಮಾಮೂಲು, ಆಟೋಮ್ಯಾಟಿಕ್ ಬೇಕೆಂದವರು ಹೆಚ್ಚು ದುಡ್ಡು ಕೊಟ್ಟು ಹಾಕಿಸಿಕೊಳ್ಳುತ್ತಿದ್ದರು. ಅಂದರೆ ಬೇಕಾದ ಪ್ರತಿಯೊಂದು ಭಾಗವನ್ನೂ ಕಂಪನಿಯೇ ಎಂದೋ ಮಾಡಿದೆ. ಕೊರೆದು, ವೆಲ್ಡ್ ಮಾಡಿ ಏನೂ ಹೊಂದಿಸಬೇಕಿಲ್ಲ. ಟ್ರ್ಯಾಕ್ಸ್ ಗೇರ್‌ಬಾಕ್ಸ್ ಕೂರಿಸಿ ಅಗ್ಗದಲ್ಲಿ ಮುಗಿಸೋಣ ಅಂತ ಬೇರೆಯವರು ಸಲಹೆ ಕೊಟ್ಟಿದ್ದರು. ನನಗೆ ಒಪ್ಪಿಗೆಯಾಗಲಿಲ್ಲ. ಅದು ಹೊರೆ ಎಳೆಯುವ ಗಾಡಿಯ ಡಬ್ಬ, ಅಪ್ಪನ ಕಾರಿಗೆ ಅದರದೇ ಡಬ್ಬ ಬರಬೇಕು.

ಅಪ್ಪನನ್ನು ಕೇಳಿದೆ. ಮೂವತ್ತು ವರ್ಷ ಆಟೋಮ್ಯಾಟಿಕ್‌ನಲ್ಲೇ ಓಡಿಸಿದವರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಶೆಡ್ಡಲ್ಲಿ ತುಕ್ಕು ಹಿಡಿಯೋದಕ್ಕಿಂತ ನೀನು ಓಡಿಸು. ಹಳೇದನ್ನ ಮಾತ್ರ ಮಾರಬೇಡ" ಅಂದರು. ಅದಕ್ಕೆ ಆಮೇಲೆ ಬರುತ್ತೇನೆ.

ಭಾಯ್ ಲೆಕ್ಕ: ಹದಿನೈದು ದಿನ, 90,000 ರೂಪಾಯಿ. ನಾವಿಬ್ಬರೂ ಗೇರ್‌ಬಾಕ್ಸನ್ನೇ ದೊಡ್ಡ ಕೆಲಸ ಅಂದುಕೊಂಡಿದ್ದೆವು. ಗೇರ್‌ಬಾಕ್ಸ್ ಒಂದು ವಾರದ ಕೆಲಸ. ಉಳಿದ ಆರೂ ಮುಕ್ಕಾಲು ತಿಂಗಳು ತಿಂದದ್ದು ಅದರ ಸುತ್ತ ಇರುವ ಸಣ್ಣ ಸಣ್ಣ ಸಾಮಾನು. ಈ ಬರಹದಲ್ಲಿ ಒಂದನ್ನು ಮಾತ್ರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಕೊನೆಯ ವಾಷರ್ ಕೈಗೆ ಬರುವವರೆಗೂ ಕಾರಿಗೆ ಸ್ಪ್ಯಾನರ್ ಹಾಕಲು ಬಿಡಬೇಡಿ.

ಏಪ್ರಿಲ್‌ನಲ್ಲಿ ಹುಡುಕಾಟ ಶುರುವಾಯಿತು. ಬೆಂಗಳೂರಿನಲ್ಲಿ ಗಾಡಿ ಬಿಡಿಭಾಗದ ಅಂಗಡಿಗಳಿರುವ ಜೆಸಿ ರಸ್ತೆಯಲ್ಲಿ ಎರಡು ದಿನ ಅಲೆದೆ, ಏನೂ ಸಿಗಲಿಲ್ಲ. ಮೇ ಕೊನೆಗೆ ಕೊಯಮತ್ತೂರಿನಲ್ಲಿ ಒಂದು ಮ್ಯಾನುವಲ್ 240ಡಿ ಬಿಚ್ಚುತ್ತಿದ್ದಾರೆ ಅಂತ ಗೊತ್ತಾಗಿ ರಾತ್ರಿ ಬಸ್ಸು ಹತ್ತಿದೆ. ಗೇರ್‌ಬಾಕ್ಸ್, ಅದನ್ನು ಎಂಜಿನ್ನಿಗೆ ಸೇರಿಸುವ ಬೆಲ್ ಹೌಸಿಂಗ್, ಎಂಜಿನ್ ಹಿಂದೆ ತಿರುಗುವ ಭಾರದ ಚಕ್ರ ಫ್ಲೈವೀಲ್, ಗೇರ್ ಲಿವರ್, ಅದರ ಮೂರು ರಾಡ್, ಎಲ್ಲ ಸೇರಿ 48,000. ಕ್ಲಚ್ ಪೆಡಲ್ ಇರುವ ಪೆಡಲ್ ಸೆಟ್ಟೂ, ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲರ್ ಶಾಫ್ಟಿನ ಮುಂದಿನ ತುಂಡೂ ಲಾರಿಯಲ್ಲೇ ಕಳಿಸುತ್ತೇನೆ ಅಂದ ಮಾರಾಟಗಾರ. ಪೂರ್ತಿ ದುಡ್ಡು ಕೊಟ್ಟೆ. ಲಾರಿ ಬಂತು, ಅವೆರಡೂ ಬರಲಿಲ್ಲ. ಫೋನ್ ಮಾಡಿದರೆ ಇವತ್ತು, ನಾಳೆ. ಮೂರು ವಾರದ ಮೇಲೆ ಗೊತ್ತಾಯಿತು, ಬಾಡಿ ಜೊತೆಗೇ ತೂಕಕ್ಕೆ ಹಾಕಿಬಿಟ್ಟಿದ್ದಾನೆ. ಆವತ್ತು ಬಂದ ಸಿಟ್ಟು, ಬೇಜಾರು ಇನ್ನೂ ಮರೆತಿಲ್ಲ. ಗುಜರಿ ಸಾಮಾನು ತಗೊಳ್ಳುವಾಗ ಎದುರಿಗೇ ಬಿಚ್ಚಿಸಿ, ಫೋಟೋ ತೆಗೆದು, ಮೂಟೆ ಕಟ್ಟಿಸಿದ ಮೇಲೇ ಉಳಿದ ದುಡ್ಡು ಕೊಡಿ.

ಪೆಡಲ್ ಸೆಟ್ಟಿನ ಕಷ್ಟ ಏನೆಂದರೆ ನಮಗೆ ಬಲಗಡೆ ಸ್ಟೀರಿಂಗಿನದೇ ಬೇಕು. ಡಬ್ಲ್ಯು123 ಕಾರುಗಳನ್ನು ಸುಮಾರು 27 ಲಕ್ಷ ಮಾಡಿದ್ದರೂ ಹೆಚ್ಚಿನವು ಎಡಗಡೆಯವು. ಕೊನೆಗೆ ಕೋಯಿಕ್ಕೋಡ್‌ನಲ್ಲಿ ಒಂದು ಸಿಕ್ಕಿತು, 9,000 ರೂಪಾಯಿ. ಅಷ್ಟು ಹೊತ್ತಿಗೆ ಸೆಪ್ಟೆಂಬರ್. ನನ್ನ ಕಾರು ಜುಲೈನಿಂದ ಹೊಟ್ಟೆ ಬಿಚ್ಚಿಕೊಂಡು ಸ್ಟ್ಯಾಂಡ್ ಮೇಲೆ ನಿಂತಿತ್ತು. ಅದನ್ನು ಮೊದಲೇ ಬಿಚ್ಚಲು ಬಿಟ್ಟದ್ದು ನನ್ನ ತಪ್ಪು. ಭಾಯ್‌ಗೆ ಜಾಗ ಖಾಲಿ ಇತ್ತು, ನನಗೆ ಆತುರ ಇತ್ತು.

ಪೆಡಲ್ ತುಳಿದಾಗ ಎಣ್ಣೆ ತಳ್ಳುವ ಕ್ಲಚ್ ಮಾಸ್ಟರ್ ಸಿಲಿಂಡರ್, ಆ ಎಣ್ಣೆಯ ಒತ್ತಡಕ್ಕೆ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್, ನಡುವಿನ ಹೋಸ್ ಇವನ್ನು ಮಾತ್ರ ಹೊಸದಾಗಿ ಜರ್ಮನಿಯಿಂದ ತರಿಸಿದೆ. ಹಳೇ ರಬ್ಬರ್ ಸೀಲಿಗೆ ದುಡ್ಡು ಹಾಕಬಾರದು. ಕೊರಿಯರ್‌ನವರು ಕಸ್ಟಮ್ಸ್‌ಗೆ ಆಧಾರ್, ಪ್ಯಾನ್, ಬಿಲ್ಲು, ದುಡ್ಡು ಕೊಟ್ಟ ದಾಖಲೆ ಕೇಳಿದರು. ನನ್ನ ಆಧಾರ್‌ನಲ್ಲಿ ಹಳೇ ವಿಳಾಸ ಇದ್ದದ್ದರಿಂದ ಪೊಟ್ಟಣ ಹನ್ನೊಂದು ದಿನ ನಿಂತಿತು. ತರಿಸುವ ಮೊದಲೇ ವಿಳಾಸ ಸರಿ ಮಾಡಿಸಿಕೊಳ್ಳಿ. ಸುಂಕ ಸೇರಿ 16,500 ಆಯಿತು. ಆ ಪೊಟ್ಟಣದಲ್ಲಿ ಬೆರಳಗಲದ ಒಂದು ಪ್ಲಾಸ್ಟಿಕ್ ಶಿಮ್ ಇತ್ತು. ಸ್ಲೇವ್ ಸಿಲಿಂಡರಿಗೂ ಬೆಲ್ ಹೌಸಿಂಗಿಗೂ ನಡುವೆ ಕೂರುತ್ತದೆ. ನೋಡಿದರೆ ಪ್ಯಾಕಿಂಗಿನ ಚೂರು ಅನ್ನಿಸುತ್ತೆ. ಗ್ಯಾರೇಜಿನ ಹುಡುಗ ಕಸದ ಜೊತೆ ಗುಡಿಸಿಯೇಬಿಟ್ಟಿದ್ದ, ನಾನು ಬುಟ್ಟಿ ಕವುಚಿ ಹುಡುಕಿ ತೆಗೆದೆ. ಕ್ಲಚ್ ಪ್ಲೇಟ್ ಎಷ್ಟು ಸವೆದಿದೆ ಅಂತ ಅಳೆಯುವುದು ಈ ಶಿಮ್‌ನಲ್ಲಿರುವ ಸೀಳಿನಿಂದಲೇ, ಗೇರ್‌ಬಾಕ್ಸ್ ಇಳಿಸದೆ.

ಇನ್ನು ಫ್ಲೈವೀಲ್. ಇದು ಬಹಳ ಮುಖ್ಯ, ದಯವಿಟ್ಟು ಓದಿ. ಆಟೋಮ್ಯಾಟಿಕ್‌ನಲ್ಲಿ ಫ್ಲೈವೀಲ್ ಬದಲು ತೆಳು ಪ್ಲೇಟು ಇರುತ್ತೆ. ಅದನ್ನು ಆ ಎಂಜಿನ್ನಿನ ತಿರುಗುವ ದಂಡಕ್ಕೆ, ಅಂದರೆ ಕ್ರ್ಯಾಂಕ್‌ಗೆ, ಹೊಂದಿಸಿ ಬ್ಯಾಲೆನ್ಸ್ ಮಾಡಿರುತ್ತಾರೆ. ಬೇರೆ ಕಾರಿನ ಫ್ಲೈವೀಲ್ ತಂದು ಹಾಗೇ ಬೋಲ್ಟ್ ಹಾಕಿದರೆ ಎಂಜಿನ್ ನಡುಗುವ ಸಾಧ್ಯತೆ ಇದೆ, ಬೇರಿಂಗಿಗೂ ಏಟು. ಬಿಚ್ಚುವ ಮೊದಲು ಪ್ಲೇಟು, ಕ್ರ್ಯಾಂಕ್ ಎರಡಕ್ಕೂ ಸೆಂಟರ್ ಪಂಚ್‌ನಲ್ಲಿ ಗುರುತು ಹೊಡೆಯಿರಿ. ಆಮೇಲೆ ಹಳೇ ಪ್ಲೇಟು, ಹೊಸ ಫ್ಲೈವೀಲ್ ಎರಡನ್ನೂ ಬ್ಯಾಲೆನ್ಸಿಂಗ್ ಅಂಗಡಿಗೆ ಒಟ್ಟಿಗೆ ಒಯ್ದು, ಈ ಪ್ಲೇಟಿನಂತೆಯೇ ಫ್ಲೈವೀಲನ್ನು ಬ್ಯಾಲೆನ್ಸ್ ಮಾಡಿಕೊಡಿ ಅನ್ನಿ. ಫ್ಲೈವೀಲಿನ ಮೇಲ್ಮೈಯನ್ನು ಲೇತ್‌ನಲ್ಲಿ ನಯ ಮಾಡಿಸಿದ್ದೂ ಸೇರಿ 4,500 ಕೊಟ್ಟೆ. ಬೋಲ್ಟುಗಳು ಬಿಗಿಮಾಡಿದಾಗ ಹಿಗ್ಗುವ ಜಾತಿಯವು, ಹೊಸದೇ ಹಾಕಿ. ಕ್ರ್ಯಾಂಕ್ ತುದಿಯಲ್ಲಿ, ಗೇರ್‌ಬಾಕ್ಸ್ ಶಾಫ್ಟಿನ ತುದಿ ಹಿಡಿಯುವ ಪೈಲಟ್ ಬೇರಿಂಗ್ ಕೂರಬೇಕು, ಆಟೋಮ್ಯಾಟಿಕ್ ಎಂಜಿನ್ನಿನಲ್ಲಿ ಅದು ಇರುವುದಿಲ್ಲ. ಇದನ್ನು ಮರೆತು ಗೇರ್‌ಬಾಕ್ಸ್ ಏರಿಸಿದರೆ ಮತ್ತೆ ಎಲ್ಲ ಇಳಿಸಬೇಕು.

ಗೇರ್‌ಬಾಕ್ಸನ್ನೂ ಒಮ್ಮೆ ಬಿಚ್ಚಿಸಿದೆ. ಬೇರಿಂಗ್, ಸೀಲ್, ಎರಡನೇ ಗೇರ್ ಉಜ್ಜದೆ ಬೀಳುವಂತೆ ಮಾಡುವ ಸಿಂಕ್ರೊ, 14,000. ಎಣ್ಣೆ ಹಾಕುವಾಗ ಹುಡುಗ ಮಾಮೂಲಿನಂತೆ 90 ನಂಬರ್ ಗೇರ್ ಆಯಿಲ್ ಡಬ್ಬ ತಂದ. ನಿಲ್ಲಿಸಿದೆ. ಈ ಮರ್ಸಿಡಿಸ್ ಮ್ಯಾನುವಲ್ ಡಬ್ಬಕ್ಕೆ ಕಂಪನಿ ಹೇಳಿರುವುದು ಆಟೋಮ್ಯಾಟಿಕ್‌ಗೆ ಹಾಕುವ ಅದೇ ಕೆಂಪು, ತೆಳು ಎಣ್ಣೆ ಎಟಿಎಫ್. ದಪ್ಪ ಎಣ್ಣೆ ಹಾಕಿದರೆ ಚಳಿಗೆ ಗೇರ್ ಬೀಳುವುದೇ ಕಷ್ಟ. ಭಾಯ್ ನಂಬಲಿಲ್ಲ, ಕೈಪಿಡಿ ತೆರೆದು ತೋರಿಸಿದ ಮೇಲೆ ಒಪ್ಪಿದರು. ಗೇರ್‌ಬಾಕ್ಸ್ ಪಕ್ಕದ ಎಣ್ಣೆ ಪ್ಲಗ್ ಬಿಚ್ಚಲು 14 ಎಂಎಂ ಅಲನ್ ಕೀ ಬೇಕು. ಎಲ್ಲ ಗ್ಯಾರೇಜಿನಲ್ಲಿ ಇರಲ್ಲ, ಮೊದಲೇ ತಂದಿಟ್ಟುಕೊಳ್ಳಿ.

ಶಾಫ್ಟಿನ ಕತೆ ಬೇಗ ಹೇಳಿಬಿಡುತ್ತೇನೆ. ಎರಡು ತುಂಡಿನ ಶಾಫ್ಟು. ಹಿಂದಿನ ತುಂಡು ಹಾಗೇ ಉಳಿಯಿತು, ಮುಂದಿನದರ ಉದ್ದ ನನ್ನ ಕಾರಿನಲ್ಲಿ ಹೊಂದಲಿಲ್ಲ. ಕೊಯಮತ್ತೂರಿನಿಂದ ಬರದೇ ಇದ್ದದ್ದು ಇದೇ. ಬೇರೆ ಕಡೆಯಿಂದ ತಂದು, ಎರಡೂ ರಬ್ಬರ್ ಡಿಸ್ಕ್, ನಡುವಿನ ಬೇರಿಂಗ್ ಹೊಸದು ಹಾಕಿ, ಬ್ಯಾಲೆನ್ಸ್ ಮಾಡಿಸಿ 17,500.

ಆಯುಧ ಪೂಜೆ ಬಂದೇ ಬಂತು. ಕಾರು ಇನ್ನೂ ಸ್ಟ್ಯಾಂಡ್ ಮೇಲೆ. ಅಪ್ಪ, ನಾನು ಗ್ಯಾರೇಜಿಗೇ ಹೋಗಿ, ಬಾನೆಟ್ಟಿಗೆ ಸೇವಂತಿಗೆ ಹಾರ ಹಾಕಿ, ಕುಂಬಳಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ನೋಡಿದರೆ ಚಕ್ರ ನೆಲಕ್ಕೇ ತಾಗುತ್ತಿಲ್ಲ. ಭಾಯ್ ಎರಡು ಮರದ ತುಂಡು ತಂದು ಚಕ್ರದ ಕೆಳಗೆ ಕೊಟ್ಟು, ಅದರ ಮೇಲೆ ನಿಂಬೆಹಣ್ಣು ಇಟ್ಟರು. ಅಪ್ಪ ಏನೂ ಮಾತಾಡಲಿಲ್ಲ. ವಾಪಸ್ ಬರುವಾಗ ಆಟೋದಲ್ಲಿ "ಈ ವರ್ಷ ಆಗುತ್ತಾ?" ಅಂತ ಒಂದೇ ಮಾತು ಕೇಳಿದರು. ಆ ರಾತ್ರಿ ಈ ಕೆಲಸಕ್ಕೆ ಯಾಕಾದರೂ ಕೈ ಹಾಕಿದೆನೋ ಅನ್ನಿಸಿ ನಿದ್ದೆ ಬರಲಿಲ್ಲ.

ಅದಾದ ಮೇಲೆ ಕೆಲಸ ಓಡಿತು. ಪೆಡಲ್ ಸೆಟ್ ಹಾಕಲು ಡ್ಯಾಶ್‌ಬೋರ್ಡಿನ ಕೆಳಗೆ ತಲೆಕೆಳಗಾಗಿ ಮಲಗಬೇಕು. ಬ್ರೇಕ್ ತುಳಿತಕ್ಕೆ ಬಲ ಸೇರಿಸುವ ಬ್ರೇಕ್ ಬೂಸ್ಟರ್ ಹಿಡಿದಿರುವ ನಟ್ಟುಗಳೇ ಪೆಡಲನ್ನೂ ಹಿಡಿದಿರುತ್ತವೆ. ಕ್ಲಚ್ ಮಾಸ್ಟರ್ ಸಿಲಿಂಡರ್ ಕಾರಿನ ಒಳಗೇ, ಪೆಡಲ್ ಮೇಲೆ ಕೂರುತ್ತದೆ. ಮುಂದೆ ಎಂದಾದರೂ ಕಾರ್ಪೆಟ್ಟಿನ ಮೇಲೆ ಒದ್ದೆ ಕಂಡರೆ ನೀರಲ್ಲ, ಬ್ರೇಕ್ ಆಯಿಲ್ ಅಂತ ಮೊದಲು ನೋಡಿ. ಕ್ಲಚ್ಚಿಗೂ ಎಣ್ಣೆ ಬರುವುದು ಬ್ರೇಕ್ ಆಯಿಲ್ ತುಂಬುವ ಡಬ್ಬದಿಂದಲೇ. ಕ್ಲಚ್ಚಿಗೆ ಬೇರೆ ನಳಿಕೆ ಇರುವ ಡಬ್ಬ ಹಾಕಿದೆವು.

ಆಮೇಲೆ ಕ್ಲಚ್ ಎಣ್ಣೆಯ ಪೈಪಿನಲ್ಲಿ ಸೇರಿದ ಗಾಳಿ ತೆಗೆಯುವ ಕೆಲಸ. ಎರಡು ದಿನ. ಒಬ್ಬ ಪೆಡಲ್ ತುಳಿಯುವುದು, ಒಬ್ಬ ಕೆಳಗೆ ಗಾಳಿ ಬಿಡುವ ನಿಪ್ಪಲ್ ಬಿಚ್ಚುವುದು, ಪೆಡಲ್ ಹೋಗಿ ನೆಲಕ್ಕೆ ಬಿದ್ದರೆ ಮೇಲೆ ಬರುತ್ತಲೇ ಇಲ್ಲ. ಮಾಸ್ಟರ್ ಸಿಲಿಂಡರೇ ಹಾಳು ಅಂದರು ಭಾಯ್. ಇಲ್ಲ, ಕ್ರಮ ತಪ್ಪಾಗಿತ್ತು. ಕಂಪನಿಯ ಕೈಪಿಡಿಯಲ್ಲೇ ಇರುವ ದಾರಿ ಬೇರೆ. ಮುಂದಿನ ಚಕ್ರದ ಬ್ರೇಕ್ ಕ್ಯಾಲಿಪರಿನ ನಿಪ್ಪಲಿಗೂ ಕ್ಲಚ್ ಸ್ಲೇವ್ ಸಿಲಿಂಡರಿನ ನಿಪ್ಪಲಿಗೂ ಒಂದು ಪಾರದರ್ಶಕ ಪೈಪು ಜೋಡಿಸಿ. ಪೈಪಿನ ಒಳಗೂ ಎಣ್ಣೆ ತುಂಬಿರಬೇಕು, ಗಾಳಿ ಇರಬಾರದು. ಎರಡೂ ನಿಪ್ಪಲ್ ಬಿಚ್ಚಿ ಬ್ರೇಕ್ ಪೆಡಲ್ ನಿಧಾನ ತುಳಿಯಿರಿ, ಕಾಲು ತೆಗೆಯುವ ಮೊದಲು ಕ್ಯಾಲಿಪರ್ ನಿಪ್ಪಲ್ ಮುಚ್ಚಿ. ಎಣ್ಣೆ ಕೆಳಗಿನಿಂದ ಮೇಲೆ ನುಗ್ಗಿ ಗಾಳಿಯನ್ನು ತಾನೇ ಬ್ರೇಕ್ ಆಯಿಲ್ ಡಬ್ಬಕ್ಕೆ ತಳ್ಳುತ್ತದೆ. ಹತ್ತು ಸಲ ತುಳಿದದ್ದಕ್ಕೆ ಡಬ್ಬದಲ್ಲಿ ಗುಳು ಗುಳು ಅಂತ ಗುಳ್ಳೆ ಬಂತು, ಕ್ಲಚ್ ಪೆಡಲ್ ಗಟ್ಟಿಯಾಯಿತು. ಎರಡು ದಿನದ ಕೆಲಸ ಹದಿನೈದು ನಿಮಿಷದಲ್ಲಿ ಮುಗಿಯಿತು.

ಮೊದಲ ಸಲ ಕೀಲಿ ತಿರುಗಿಸಿದಾಗ ಸ್ಟಾರ್ಟರ್ ಅಲ್ಲಾಡಲಿಲ್ಲ. ಇದು ನಿರೀಕ್ಷೆ ಮಾಡಿದ್ದೇ. ಆಟೋಮ್ಯಾಟಿಕ್‌ನಲ್ಲಿ ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಮಾತ್ರ ಸ್ಟಾರ್ಟ್ ಆಗುವಂತೆ ಡಬ್ಬದ ಪಕ್ಕದಲ್ಲಿ ಸ್ವಿಚ್ ಇರುತ್ತೆ. ಡಬ್ಬ ಹೋದ ಮೇಲೆ ಆ ಎರಡು ವೈರು ಜೋಡಿಸಬೇಕು. ರಿವರ್ಸ್ ಲೈಟಿನ ವೈರೂ ಅಲ್ಲೇ ಇರುತ್ತೆ, ಅದನ್ನು ಮ್ಯಾನುವಲ್ ಡಬ್ಬದ ಸ್ವಿಚ್ಚಿಗೆ ಎಳೆಯಬೇಕು. ಒಂದು ಎಚ್ಚರ: ಇನ್ನು ಮೇಲೆ ಗೇರಿನಲ್ಲಿದ್ದರೂ ಸ್ಟಾರ್ಟರ್ ತಿರುಗುತ್ತೆ, ಗಾಡಿ ಮುಂದೆ ಜಿಗಿಯುತ್ತೆ. ಮನೆಯವರಿಗೆಲ್ಲ ಹೇಳಿಡಿ.

ವೈರು ಜೋಡಿಸಿದೆವು, ಎಂಜಿನ್ ಹಿಡಿಯಿತು. ಎಲ್ಲರಿಗೂ ಖುಷಿ. ಹತ್ತು ನಿಮಿಷ ಬಿಟ್ಟು ಕೀಲಿ ಆಫ್ ಮಾಡಿದೆ. ಎಂಜಿನ್ ನಿಲ್ಲಲಿಲ್ಲ. ಕೀಲಿ ಕೈಯಲ್ಲಿದೆ, ಎಂಜಿನ್ ತನ್ನ ಪಾಡಿಗೆ ಟಕ ಟಕ ಓಡುತ್ತಲೇ ಇದೆ. ರಾತ್ರಿ ಎಂಟೂವರೆ, ನನಗೆ ಎದೆ ಹೊಡೆದುಕೊಂಡಿತು. ಭಾಯ್ ಬಾನೆಟ್ ಎತ್ತಿ ಎಂಜಿನ್ ಮೇಲಿರುವ ಸ್ಟಾಪ್ ಲಿವರ್ ಒತ್ತಿ ಹಿಡಿದರು, ಆಗ ನಿಂತಿತು.

ಕಾರಣ ಇಷ್ಟೇ. ಈ ಡೀಸೆಲ್ ಎಂಜಿನ್ ನಿಲ್ಲುವುದು ಕರೆಂಟಿನಿಂದಲ್ಲ, ವ್ಯಾಕ್ಯೂಮ್‌ನಿಂದ, ಅಂದರೆ ಒಂದು ಪಂಪು ಗಾಳಿ ಹೀರಿ ಕೊಡುವ ಎಳೆತದಿಂದ. ಕೀಲಿ ಆಫ್ ಮಾಡಿದಾಗ ಆ ಎಳೆತ ಬಂದು ಡೀಸೆಲ್ ಹಾಯಿಸುವ ಇಂಜೆಕ್ಷನ್ ಪಂಪನ್ನು ಮುಚ್ಚುತ್ತದೆ. ಹಳೇ ಆಟೋಮ್ಯಾಟಿಕ್ ಡಬ್ಬಕ್ಕೂ ಒಂದು ವ್ಯಾಕ್ಯೂಮ್ ಪೈಪು ಹೋಗುತ್ತಿತ್ತು. ಡಬ್ಬ ಇಳಿಸಿದಾಗ ಅದರ ಬಾಯಿ ಯಾರೂ ಮುಚ್ಚಿರಲಿಲ್ಲ. ಬೆನ್ನಿನ ಮೇಲೆ ಮಲಗಿ ಟಾರ್ಚ್ ಹಿಡಿದು ಹುಡುಕಿದಾಗ ಪೆನ್ನಿನ ರೀಫಿಲ್ ದಪ್ಪದ ಪೈಪೊಂದು ಗೇರ್‌ಬಾಕ್ಸ್ ಕೂರುವ ಟನಲ್ಲಿನ ಪಕ್ಕ ನೇತಾಡುತ್ತಿತ್ತು. ಅದರ ತುದಿಗೆ ಬೆರಳು ಇಟ್ಟರೆ ಚರ್ಮ ಒಳಗೆ ಎಳೆಯುತ್ತಿತ್ತು. ರಬ್ಬರ್ ಟೋಪಿ ಹಾಕಿದೆವು, ಕೀಲಿ ಆಫ್ ಮಾಡಿದರೆ ಥಟ್ಟನೆ ನಿಂತಿತು. ಬ್ರೇಕ್ ಬೂಸ್ಟರ್ ಸಹ ಅದೇ ವ್ಯಾಕ್ಯೂಮ್ ಪಂಪಿನಿಂದ ಓಡುವುದು, ಆದ್ದರಿಂದ ಇಂಥ ಸೋರಿಕೆಯನ್ನು ಆಮೇಲೆ ನೋಡೋಣ ಅಂತ ಬಿಡಬೇಡಿ. ರೇಡಿಯೇಟರಿನಲ್ಲಿ ಆಟೋಮ್ಯಾಟಿಕ್ ಎಣ್ಣೆ ತಣಿಸುವ ಎರಡು ಬಾಯಿ ಇರುತ್ತೆ, ಅವನ್ನೂ ಮುಚ್ಚಿ. ಆಕ್ಸಿಲರೇಟರ್ ಕೆಳಗೆ, ಆಟೋಮ್ಯಾಟಿಕ್ ಡಬ್ಬವನ್ನು ಕೆಳಗಿನ ಗೇರಿಗೆ ಇಳಿಸುತ್ತಿದ್ದ ಕಿಕ್‌ಡೌನ್ ಸ್ವಿಚ್ಚಿನ ವೈರಿಗೆ ಟೇಪು ಸುತ್ತಿ.

ಕಾಗದ ಪತ್ರದ ವಿಷಯ ಜಾಸ್ತಿ ಜನ ಕೇಳುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸಬಾರದು. ನನ್ನ ಆರ್‌ಸಿಯಲ್ಲಿ ಎಂಜಿನ್ ನಂಬರ್, ಚಾಸಿ ನಂಬರ್, ಸಿಸಿ, ಇಂಧನ, ಬಣ್ಣ, ಸೀಟು ಇವೆ. ಗೇರ್‌ಬಾಕ್ಸಿನ ಮಾತೇ ಇಲ್ಲ. ಆದರೂ ಆರ್‌ಟಿಒಗೆ ಹೋಗಿ ಕೇಳಿದೆ. ಮೊದಲ ಸಲ ಒಂದು ಕೌಂಟರಿನಿಂದ ಇನ್ನೊಂದಕ್ಕೆ, ಎರಡನೇ ಸಲ ಸಾಹೇಬರು ರಜೆ, ಮೂರನೇ ಸಲ ಇನ್ಸ್‌ಪೆಕ್ಟರ್ ಸಿಕ್ಕಿ, ಎಂಜಿನ್ ಚಾಸಿ ಮುಟ್ಟದಿದ್ದರೆ ಆರ್‌ಸಿ ತಿದ್ದುವುದು ಏನೂ ಇಲ್ಲ ಅಂದರು. ನಾನು ಬದಲಾವಣೆಯ ವಿವರ ಬರೆದ ಅರ್ಜಿಯೊಂದನ್ನು ಟಪಾಲಿಗೆ ಕೊಟ್ಟು ಸೀಲು ಹಾಕಿಸಿಕೊಂಡೆ. ಇನ್ಶೂರೆನ್ಸ್ ಕಂಪನಿಗೂ ಇಮೇಲ್ ಮಾಡಿ ಉತ್ತರ ತೆಗೆದಿಟ್ಟುಕೊಂಡೆ. ನೀವೂ ನಿಮ್ಮ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ. ಎಲ್ಲ ಬಿಲ್ಲು ಫೈಲಿನಲ್ಲಿಡಿ.

ಇನ್ನೊಂದು, ಆರ್‌ಸಿ ಅವಧಿ ಮುಗಿಯಲು ಬಂದಿದ್ದರೆ ಕೆಲಸ ಶುರು ಮಾಡುವ ಮುನ್ನವೇ ಅದನ್ನು ಮುಗಿಸಿಬಿಡಿ. ವಿದೇಶಿ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 40,000 ಇತ್ತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದವಕ್ಕೆ 80,000 ಆಯಿತು. ನನ್ನದು 2023ರಲ್ಲೇ ಆಗಿತ್ತು, ಪುಣ್ಯ. ಸ್ಟ್ಯಾಂಡ್ ಮೇಲಿದ್ದ ಕಾರನ್ನು ಎಫ್‌ಸಿಗೆ, ಅಂದರೆ ಫಿಟ್‌ನೆಸ್ ತಪಾಸಣೆಗೆ, ಒಯ್ಯುವುದು ಹೇಗೆ ಹೇಳಿ.

ಹಳೇ ಡಬ್ಬ ಮಾರದಿರಲು ಅಪ್ಪನ ಮಾತಿನ ಜೊತೆಗೆ ಇನ್ನೊಂದು ಕಾರಣ ಇದೆ. 2021ರ ನಿಯಮದಲ್ಲಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಕಾರು ವಿಂಟೇಜ್. ನಮ್ಮದಕ್ಕೆ 2032ರಲ್ಲಿ 50 ತುಂಬುತ್ತೆ. ಅಂದು ಯಾರಾದರೂ ಮೂಲ ಡಬ್ಬ ಎಲ್ಲಿ ಅಂದರೆ ತೋರಿಸಲು ಇರಲಿ ಅಂತ, ಕ್ಲಚ್ ಬದಲು ಅದರಲ್ಲಿರುವ ಕನ್ವರ್ಟರ್ ಸಮೇತ ಎಣ್ಣೆ ಹಚ್ಚಿ, ಬಾಯಿಗಳಿಗೆಲ್ಲ ಬಟ್ಟೆ ತುರುಕಿ, ಗೋಣಿಯಲ್ಲಿ ಸುತ್ತಿ ಶೆಡ್ಡಿನಲ್ಲಿ ಇಟ್ಟಿದ್ದೇವೆ. ಅದಕ್ಕಾಗಿಯೇ ಬಾಡಿಯಲ್ಲಿ ಒಂದು ತೂತೂ ಹೊಸದಾಗಿ ಕೊರೆಯಲು ಬಿಡಲಿಲ್ಲ.

ದುಡ್ಡಿನ ಲೆಕ್ಕ: ಮೇಲೆ ಹೇಳಿದ್ದರ ಜೊತೆಗೆ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ 19,000, ಲಾರಿ ಬಾಡಿಗೆ 3,500, ಬುಷ್, ಎಣ್ಣೆ, ಬೋಲ್ಟು, ಪೈಪು ಅಂತ ಚಿಲ್ಲರೆ 8,000, ಕೂಲಿ 35,000. ಒಟ್ಟು 1,75,000. ಆಟೋಮ್ಯಾಟಿಕ್ ರಿಪೇರಿಗೆ ಕೇಳಿದ್ದಕ್ಕಿಂತ ಹೆಚ್ಚೇ ಆಯಿತು. ದುಡ್ಡು ಉಳಿಯುತ್ತೆ ಅಂತ ಯಾರೂ ಇದಕ್ಕೆ ಇಳಿಯಬೇಡಿ. ನನಗೆ ಸಿಕ್ಕ ನೆಮ್ಮದಿ ಬೇರೆ. ನಾಳೆ ಹಾಸನದಲ್ಲೋ ಸಕಲೇಶಪುರದಲ್ಲೋ ಕ್ಲಚ್ ತೊಂದರೆ ಕೊಟ್ಟರೆ ಅಲ್ಲಿಯ ಮೆಕ್ಯಾನಿಕ್ ನೋಡಿಯಾರು. ಆ ಆಟೋಮ್ಯಾಟಿಕ್ ಕೆಟ್ಟಿದ್ದರೆ ಬೆಂಗಳೂರಿಗೇ ಎಳೆದು ತರಬೇಕಿತ್ತು. ಚಿಲ್ಲರೆಯಲ್ಲಿ ಗೇರ್ ರಾಡಿನ ಪ್ಲಾಸ್ಟಿಕ್ ಬುಷ್‌ಗಳಿಗೆ ಕೊಟ್ಟ ದುಡ್ಡು ಮಾತ್ರ ಚಿನ್ನ. ಹಳೇ ಬುಷ್‌ನಲ್ಲಿ ಲಿವರ್ ಪಾಯಸದಲ್ಲಿ ಸೌಟು ತಿರುವಿದ ಹಾಗಿತ್ತು. ಹೊಸದು ಹಾಕಿ, ಲಿವರಿನ ತೂತುಗಳಲ್ಲಿ ಡ್ರಿಲ್ ಬಿಟ್ ತೂರಿಸಿ ನ್ಯೂಟ್ರಲ್ ಹಿಡಿದು, ಮೂರೂ ರಾಡ್ ಅಳತೆ ಸರಿ ಮಾಡಿದ ಮೇಲೆ ಗೇರ್ ಚಕ್ ಅಂತ ಬೀಳುತ್ತೆ.

ಅಪ್ಪ ಮೊನ್ನೆ ಬೀದಿ ಕೊನೆಯವರೆಗೆ ಓಡಿಸಿದರು. ಗೇಟಿನ ಹತ್ತಿರ ಎರಡು ಸಲ ಆಫ್ ಆಯಿತು, ಮೂರನೇ ಸಲ ಸರಾಗ ಹೋಯಿತು. ಇಳಿದು ಬಾನೆಟ್ ಮೇಲೆ ಕೈ ಇಟ್ಟು, "ಸೌಂಡ್ ಅದೇ ಇದೆಯಲ್ಲ" ಅಂದರು.

ಒಂದು ಕೆಲಸ ಬಾಕಿ ಇದೆ. ಸ್ಪೀಡೋಮೀಟರ್ 60 ತೋರಿಸುವಾಗ ಮೊಬೈಲ್ 66 ಅನ್ನುತ್ತೆ. ಗೇರ್‌ಬಾಕ್ಸಿನ ಬಾಲದಲ್ಲಿರುವ ಸಣ್ಣ ಪ್ಲಾಸ್ಟಿಕ್ ಗೇರ್ ಬೇರೆ ಹಲ್ಲಿನದು ಬೇಕು. ನನ್ನ ಕಾರಿನ ಹಿಂದಿನ ಚಕ್ರಗಳ ನಡುವಿನ ಡಿಫರೆನ್ಶಿಯಲ್ 3.69 ಗೇರ್ ಅನುಪಾತದ್ದು. ಅದಕ್ಕೆ ಹೊಂದುವ ಗೇರ್ ಯಾರ ಹತ್ತಿರವಾದರೂ ಇದ್ದರೆ ತಿಳಿಸಿ, ನಾನೇ ಬಂದು ತಗೊಂಡು ಹೋಗುತ್ತೇನೆ.